ಬಹ್ರೇನಿನ ಮಗ್ರಿಬ್‌ಗೆ ಹತ್ತುವ ಕೆನಡಾದ ಲೈಟು

ಈ ಸಲದ ಚಳಿಗಾಲದಲ್ಲಿ ಕೆನಡಾದ ಒಂದು ಮನೆಯ ಲೈಟು ಬಹ್ರೇನಿನ ಸೂರ್ಯ ಮುಳುಗಿದ ಕೂಡಲೇ ಹತ್ತುತ್ತಿತ್ತು. ಹತ್ತಿಸುತ್ತಿದ್ದವಳು ನಾನು.

ನಗಬೇಡಿ. ನಾನೇನೂ ಎಲೆಕ್ಟ್ರಿಕಲ್ ಇಂಜಿನಿಯರ್ ಅಲ್ಲ. ಬಹ್ರೇನಿನ ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಆಫೀಸಿನಲ್ಲಿ ಬೇರೆಯವರ ಮೀಟಿಂಗು, ಬೇರೆಯವರ ಟಿಕೆಟ್ಟು, ಬೇರೆಯವರ ಸಿಟ್ಟು ನೋಡಿಕೊಳ್ಳುವ ಸೆಕ್ರೆಟರಿ. ಬಾತ್‌ರೂಮಿನ ಬಲ್ಬು ಹೋದರೆ ಸ್ಟೂಲ್ ಹತ್ತುವ ಧೈರ್ಯವಿಲ್ಲದೆ ವಾರಗಟ್ಟಲೆ ಬಾಗಿಲು ಅರ್ಧ ತೆರೆದಿಟ್ಟು ಸ್ನಾನ ಮಾಡಿದವಳು. (ಒಬ್ಬಳೇ ಇರುವ ಮನೆಯಲ್ಲಿ ಅದೊಂದು ಸೌಕರ್ಯ.)

ಈ ಅಂಕಣದ ಹಳೆಯ ಓದುಗರಿಗೆ ಲೀನಾ ಗೊತ್ತಿರಬೇಕು. ಬಂಗುಡೆ ಮೀನಿನ ಪುಳಿಮುಂಚಿಗೆ ಕೊನೆಯಲ್ಲಿ ಚಿಟಿಕೆ ಸಕ್ಕರೆ ಹಾಕಿ, ಹಾಕಿಲ್ಲ ಎಂದು ಆಣೆ ಮಾಡುವವಳು. ನರ್ಸ್. ಊರು ಉಡುಪಿಯ ಕಡೆ, ಮನೆಮಾತು ಕೊಂಕಣಿ. ನನ್ನದು ತುಳು. ನಾವಿಬ್ಬರೂ ಇಲ್ಲಿನ ಉಮ್ ಅಲ್ ಹಸ್ಸಮ್ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯ ಫ್ಲಾಟನ್ನು ಹಂಚಿಕೊಂಡು ಬದುಕಿದವರು. ಮೊದಲು ಬಾಡಿಗೆ ಉಳಿಯಲಿ ಎಂದು ಜೊತೆಯಾದೆವು. ಆಮೇಲೆ ಜೊತೆ ಇರುವುದಕ್ಕೆ ಕಾರಣವೇ ಬೇಕಾಗಲಿಲ್ಲ.

ನಮ್ಮ ಮನೆಗೊಂದು ಕಾನೂನಿತ್ತು. ಮೊದಲು ಮನೆ ಸೇರಿದವಳು ಬಾಲ್ಕನಿಯ ಲೈಟ್ ಹಾಕಬೇಕು. ರಸ್ತೆಯಲ್ಲಿ ಕಾರು ನಿಲ್ಲಿಸಿ ತಲೆಯೆತ್ತಿದರೆ ನಮ್ಮ ಬಾಲ್ಕನಿ ಕಾಣುತ್ತದೆ. ಲೈಟ್ ಇದ್ದರೆ ಬ್ಯಾಗಿನೊಳಗೆ ಕೈ ಹಾಕಿ ಕೀ ಹುಡುಕುವ ಕೆಲಸವಿಲ್ಲ. ಸೀದಾ ಹೋಗಿ ಬೆಲ್ ಒತ್ತುವುದು. ಒಳಗಿದ್ದವಳು ಬೆಲ್ ಕೇಳಿದ ಮೇಲೆ ಚಹಾಕ್ಕೆ ಹಾಲು ಹಾಕುತ್ತಾಳೆ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಈ ಕಾನೂನಿಗೆ ರಜೆ ಇರಲಿಲ್ಲ. ಮುಖ ತಿರುಗಿಸಿಕೊಂಡೇ ಬಾಗಿಲು ತೆರೆದದ್ದುಂಟು, ಆದರೆ ಲೈಟ್ ಹಾಕದೆ ಇದ್ದದ್ದಿಲ್ಲ.

ಲೀನಾ ಕೆನಡಾಕ್ಕೆ ಹೋದಳು. ಗಲ್ಫ್‌ನ ನರ್ಸ್‌ಗಳು ಈಗ ಹೋಗುತ್ತಿರುವುದೇ ಹಾಗೆ. ಇಂಗ್ಲಿಷ್ ಪರೀಕ್ಷೆ, ನರ್ಸಿಂಗ್ ಪರೀಕ್ಷೆ, ಬೀಳ್ಕೊಡುಗೆಯ ಬಿರಿಯಾನಿ, ಏರ್‌ಪೋರ್ಟ್. ಅವಳಿಗೆ ಸಿಕ್ಕಿದ್ದು ದೊಡ್ಡ ಸಿಟಿಯಲ್ಲ. ಸುತ್ತ ಗೋಧಿ ಹೊಲ, ನಡುವೆ ಒಂದು ಆಸ್ಪತ್ರೆ ಇರುವ ಬಯಲುಸೀಮೆಯ ಸಣ್ಣ ಊರು. ಅಲ್ಲಿ ಒಂದು ಪುಟ್ಟ ಮನೆಯನ್ನೂ ಮಾಡಿಕೊಂಡಳು.

"ಮನೆ ಚಂದ ಉಂಟು ಮಾರಾಯ್ತಿ," ಎಂದಳು ಫೋನಿನಲ್ಲಿ. "ಆದ್ರೆ ಎಂತ ಕತ್ತಲೆ ಅಂತೀಯಾ! ನೈಟ್ ಡ್ಯೂಟಿಗೆ ಹೋಗುವಾಗ್ಲೂ ಕತ್ತಲೆ, ಬೆಳಿಗ್ಗೆ ಎಂಟಕ್ಕೆ ವಾಪಸ್ ಬರುವಾಗ್ಲೂ ಕತ್ತಲೆ. ಸೂರ್ಯನಿಗೇ ಎದ್ದೇಳ್ಲಿಕ್ಕೆ ಮನಸ್ಸಿಲ್ಲ ಇಲ್ಲಿ."

ಅಲ್ಲಿನವರು ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಮನೆಯ ಮಾಡಿನ ಅಂಚಿನುದ್ದಕ್ಕೂ ಸಣ್ಣ ಸಣ್ಣ ಎಲ್‌ಇಡಿಗಳನ್ನು ಸಾಲಾಗಿ ಕೂರಿಸುತ್ತಾರೆ. ಹಬ್ಬ ಮುಗಿದ ಮೇಲೆ ಬಿಚ್ಚುವ ಮಾಲೆಯಲ್ಲ. ಮಳೆ, ಹಿಮ, ಬಿಸಿಲು ಏನೇ ಬರಲಿ, ವರ್ಷವಿಡೀ ಅಲ್ಲೇ. ಬಣ್ಣ, ಹೊತ್ತು ಎಲ್ಲ ಫೋನಿನಲ್ಲೇ. ಹೆಸರು ಪರ್ಮನೆಂಟ್ ಲೈಟ್.

ಪರ್ಮನೆಂಟ್! ಎರಡು ವರ್ಷಕ್ಕೊಮ್ಮೆ ವೀಸಾ ರಿನ್ಯೂ ಮಾಡಿಸುವ ನಮಗೆ ಆ ಪದ ಕೇಳಿದರೇ ಮೈ ಝುಂ ಎನ್ನುತ್ತದೆ. ನಾನಿಲ್ಲಿ ಗೋಡೆಗೆ ಮೊಳೆ ಹೊಡೆಯುವ ಮೊದಲೂ ಎರಡು ಸಲ ಯೋಚಿಸುತ್ತೇನೆ. ಆ ದೇಶದಲ್ಲಿ ದೀಪಕ್ಕೂ ಪರ್ಮನೆಂಟ್ ರೆಸಿಡೆನ್ಸಿ!

ಚಳಿ ಶುರುವಾಗುವ ಮೊದಲೇ ಲೀನಾಳ ಮನೆಗೂ ಅಂಥ ಲೈಟ್ ಬಂತು. ಹಾಕಿದವರು ಹಾಕಿ ಹೋದರು. ಆ್ಯಪ್ ಸೆಟ್ ಮಾಡುವುದು ಯಾರು? ರೋಗಿಯ ಕೈಯಲ್ಲಿ ಕಾಣದ ನರ ಹುಡುಕಿ ಸೂಜಿ ಚುಚ್ಚುವ ಲೀನಾಳಿಗೆ ಫೋನಿನ ಸೆಟ್ಟಿಂಗ್ಸ್ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿದ್ದಾಗಲೂ ಅವಳ ಪಾಸ್‌ವರ್ಡುಗಳೆಲ್ಲ ನನ್ನ ತಲೆಯಲ್ಲೇ ಇದ್ದವು. "ನೀನೇ ಮಾಡು, ನಿನ್ನ ಫೋನಲ್ಲೇ ಮಾಡು, ನನಗೆ ಮಂಡೆಬಿಸಿ ಬೇಡ," ಎಂದು ಡಬ್ಬಿಯ ಮೇಲಿದ್ದ ಕೋಡನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿದಳು.

ಮಾಡಿದೆ. ಆ್ಯಪ್ ಏನೇನೋ ಕೇಳಿತು. ನಾವೆಲ್ಲ ಮಾಡುವ ಹಾಗೆ, ಒಂದನ್ನೂ ಓದದೆ ಎಲ್ಲದಕ್ಕೂ ಓಕೆ ಒತ್ತಿದೆ. ಸೂರ್ಯ ಮುಳುಗಿದಾಗ ಆನ್, ರಾತ್ರಿ ಹನ್ನೊಂದಕ್ಕೆ ಆಫ್. ಎಷ್ಟು ಸುಲಭ!

ಮರುದಿನ ಲೀನಾಳ ಫೋನು. ಅವಳಿಗೆ ನಗು ತಡೆಯಲಾಗುತ್ತಿಲ್ಲ.

"ಎಂತ ಮಾಡಿಟ್ಟಿದ್ದೀ ನೀನು? ರಾತ್ರಿಯಿಡೀ ಮನೆ ಕತ್ತಲೆ, ಮಧ್ಯಾಹ್ನದ ಬಿಸಿಲಿಗೆ ಫುಲ್ ಲೈಟಿಂಗ್! ಪಕ್ಕದ ಮನೆ ಅಜ್ಜ ಬಂದು ಕೇಳಿದ್ರು, ನಿಮ್ಮ ಲೈಟಿಗೆ ಹುಷಾರಿಲ್ವಾ ಅಂತ."

ಆದದ್ದೇನೆಂದರೆ, ಆ್ಯಪ್ ಕೇಳಿದ ಪ್ರಶ್ನೆಗಳಲ್ಲಿ 'ನಿಮ್ಮ ಮನೆ ಎಲ್ಲಿದೆ' ಎನ್ನುವುದೂ ಒಂದು. ಓಕೆ ಒತ್ತಿದವಳು ಉಮ್ ಅಲ್ ಹಸ್ಸಮ್‌ನಲ್ಲಿ ಕೂತಿದ್ದಳು. ಹಾಗಾಗಿ ಕೆನಡಾದ ಆ ಲೈಟು ಬಹ್ರೇನಿನ ಸೂರ್ಯನನ್ನು ನಂಬಿಕೊಂಡಿತು. ಇಲ್ಲಿ ಸಂಜೆಯಾಗಿ ಮಗ್ರಿಬ್ ಆಜಾನ್ ಕೇಳುವಾಗ ಅಲ್ಲಿ ಬೆಳಿಗ್ಗೆ ಎಂಟರ ಹತ್ತಿರ. ಇಲ್ಲಿ ನಾವು ಮಲಗುವಾಗ ಅಲ್ಲಿ ಮಧ್ಯಾಹ್ನ.

"ತಾಳು, ಸರಿ ಮಾಡ್ತೇನೆ," ಎಂದೆ.

"ಬೇಡ," ಎಂದಳು ಲೀನಾ. ನಗು ನಿಂತಿತ್ತು. "ಹಾಗೇ ಇರ್ಲಿ. ಮಧ್ಯಾಹ್ನದವರೆಗೆ ಬೇಡ, ಒಂದು ಗಂಟೆ ಹತ್ತಿದ್ರೆ ಸಾಕು. ಇವತ್ತು ಬೆಳಿಗ್ಗೆ ಡ್ಯೂಟಿ ಬಿಟ್ಟು ಬಂದೆ ನೋಡು. ತಿರುವಿನಲ್ಲಿ ಕಾರು ತಿರುಗಿಸುವಾಗ ಇಡೀ ರಸ್ತೆಯಲ್ಲಿ ನಮ್ಮದೊಂದೇ ಮನೆಗೆ ಲೈಟ್ ಇತ್ತು. ನೀನು ಒಳಗೆ ಇದ್ದೀ ಅಂತ ಅನ್ನಿಸ್ತು ಮಾರಾಯ್ತಿ ಒಂದು ಸೆಕೆಂಡ್."

ಬೇರೆಯವರೆಲ್ಲ ಸಂಜೆಗೆ ಲೈಟ್ ಹಾಕಿಕೊಳ್ಳುತ್ತಾರಲ್ಲ ಎಂದೆ. "ಸಂಜೆ ನಾನು ಹೊರಗೆ ಹೋಗುದು. ಹೋಗುವವರಿಗೆ ಲೈಟ್ ಯಾಕೆ? ಬರುವಾಗ ಬೇಕು," ಎಂದಳು.

ಹೀಗೆ ನನ್ನ ತಪ್ಪೇ ನನ್ನ ಕೆಲಸವಾಯಿತು. ಆಫೀಸು ಬಿಟ್ಟು, ಉಮ್ ಅಲ್ ಹಸ್ಸಮ್‌ನ ಗಲ್ಲಿಗಳಲ್ಲಿ ಪಾರ್ಕಿಂಗ್‌ಗಾಗಿ ಮೂರು ಸುತ್ತು ಹೊಡೆದು, ಮನೆ ಸೇರುವಷ್ಟರಲ್ಲಿ ಮಗ್ರಿಬ್. ಬಾಲ್ಕನಿಯಲ್ಲಿ ನಿಂತು ಫೋನ್ ನೋಡಿದರೆ ಆ್ಯಪ್‌ನಲ್ಲಿ ಪುಟ್ಟ ಮನೆಯ ಚಿತ್ರ ಹಳದಿಯಾಗುತ್ತದೆ. ಅದು ತಾನಾಗಿಯೇ ಹತ್ತುವುದು, ನಾನು ನೋಡಬೇಕಾದ ಅಗತ್ಯವೇ ಇಲ್ಲ. ಆದರೂ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಲೀನಾಳ ಫೋಟೋ ಬರುತ್ತದೆ: ಹಿಮ, ಮೆಟ್ಟಿಲು, ಮೇಲೆ ಬೆಳಕಿನ ಸಾಲು. ಕೆಳಗೆ ಮನೆ ತಲುಪಿದ್ದಕ್ಕೆ ಒಂದೇ ಪದ, 'ಮುಟ್ಟಿದೆ.' ಆ ಪದ ಬಂದ ಮೇಲೆ ನಾನು ಚಹಾಕ್ಕಿಡುತ್ತಿದ್ದೆ. ಒಂದೇ ಲೋಟ.

ಡಿಸೆಂಬರಿನಲ್ಲಿ ಬಹ್ರೇನಿನ ನ್ಯಾಷನಲ್ ಡೇ ಬಂತು. ಆ ದಿನಗಳಲ್ಲಿ ಇಲ್ಲಿನ ಮನೆಗಳು, ಅಂಗಡಿಗಳು, ರೌಂಡ್‌ಅಬೌಟುಗಳು ಎಲ್ಲ ಕೆಂಪು ಬಿಳಿ ಲೈಟು ಸುತ್ತಿಕೊಳ್ಳುತ್ತವೆ. ನನಗೂ ಹುಮ್ಮಸ್ಸು ಬಂದು ಲೀನಾಳ ಮನೆಗೂ ಕೆಂಪು ಬಿಳಿ ಹಾಕಿದೆ. ಪಕ್ಕದ ಮನೆಯ ಅಜ್ಜ ಮತ್ತೆ ಬಂದರಂತೆ. ಕೆನಡಾದ ಬಾವುಟವೂ ಕೆಂಪು ಬಿಳಿಯೇ! "ಕೆನಡಾ ಡೇ ಬರುವುದು ಜುಲೈಯಲ್ಲಿ ಅಮ್ಮಾ, ಈಗ ಡಿಸೆಂಬರು" ಎಂದು ಬಹಳ ಮೆತ್ತಗೆ ತಿಳಿಸಿದರಂತೆ. ಅಜ್ಜನಿಗೆ ಈಗ ಹುಷಾರಿಲ್ಲದ್ದು ಲೈಟಿಗಲ್ಲ, ಲೀನಾಳಿಗೇ ಇರಬೇಕು ಎಂಬ ಅನುಮಾನ.

ಆಮೇಲೆ ಬಂತು ನಿಜವಾದ ಚಳಿ. ಮೈನಸ್ ಮೂವತ್ತಕ್ಕಿಂತಲೂ ಕೆಳಗೆ. ನಾವಿಲ್ಲಿ ಹದಿನೈದು ಡಿಗ್ರಿಗೆ ಸ್ವೆಟರ್ ಹುಡುಕುವವರು. ನನ್ನ ತಲೆಯಲ್ಲಿ ಒಂದೇ ಚಿಂತೆ. ಆ ಲೈಟು ಉಳಿದೀತೇ?

ನಮ್ಮ ಗಲ್ಲಿಯ ಎಲೆಕ್ಟ್ರಿಕ್ ಅಂಗಡಿಯ ಹಮೀದ್ ಭಾಯ್ ಬಂಟ್ವಾಳದವರು. ಅವರನ್ನು ಕೇಳಿದೆ.

"ಅಕ್ಕಾ, ಅಂಗಡಿ ಇಟ್ಟಂದಿನಿಂದ ಚಳಿಯ ವಿಷಯ ಕೇಳಿದ್ದು ನೀವೊಬ್ರೇ," ಎಂದು ಗಲ್ಲ ತುರಿಸಿಕೊಂಡರು. "ಬಿಸಿಲಿನದ್ದಾದ್ರೆ ಹೇಳ್ತೇನೆ. ಆಗಸ್ಟಿನಲ್ಲಿ ಇಲ್ಲಿ ಹೊರಗಿನ ಬಲ್ಬ್ ಎಲ್ಲ ಖಲಾಸ್ ಆಗ್ತದೆ. ಚಳಿಗೆ ಎಂತ ಆಗ್ತದೆ ಅಂತ ನಂಗೂ ಗೊತ್ತಿಲ್ಲ. ಗೊತ್ತಾದ್ರೆ ಹೇಳಿ ಆಯ್ತಾ?"

ಹುಡುಕಿ ಹುಡುಕಿ ಓದಿದೆ. ಹಮೀದ್ ಭಾಯ್‌ಗೆ ವರದಿ ಒಪ್ಪಿಸಿದೆ. ನಿಮಗೂ ಒಪ್ಪಿಸುತ್ತೇನೆ, ಯಾರಿಗೆ ಗೊತ್ತು, ನಿಮ್ಮಲ್ಲೂ ಯಾರಾದರೂ ಹಿಮದ ನಾಡಿಗೆ ಹೊರಟಿರಬಹುದು.

ಎಲ್‌ಇಡಿಗೆ ಚಳಿಯೆಂದರೆ ತವರುಮನೆ. ಅದರ ಶತ್ರು ಬಿಸಿ. ತಣ್ಣಗಿದ್ದಷ್ಟೂ ಆಯುಷ್ಯ ಹೆಚ್ಚು, ಬೆಳಕೂ ಒಂದು ಗುಲಗಂಜಿ ಹೆಚ್ಚೇ. ಹಳೆಯ ಟ್ಯೂಬ್‌ಲೈಟಿನ ಹಾಗೆ ಮಿಣಮಿಣ ಎಂದು ಸತಾಯಿಸದೆ, ಒತ್ತಿದ ಕೂಡಲೇ ಹತ್ತುತ್ತದೆ. ಹಾಳಾಗುವುದು ಅದರ ಸುತ್ತ ಇರುವವು. ವಯರಿನ ಮೇಲಿನ ಪ್ಲಾಸ್ಟಿಕ್ ಸೆಟೆದುಕೊಂಡು, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಕರೆಂಟ್ ಕೊಡುವ ಡಬ್ಬಿಯೊಳಗೆ ನೀರು ಸೇರಿದರೆ ಅಲ್ಲೇ ಗಡ್ಡೆ ಕಟ್ಟುತ್ತದೆ. ಸ್ಕ್ರೂ ಹಾಕದೆ ಬರೀ ಅಂಟುಪಟ್ಟಿಯಲ್ಲಿ ಕೂರಿಸಿದ್ದರೆ ಅಂಟು ಕೈಬಿಡುತ್ತದೆ. ಲೀನಾಳದ್ದು ಅಂಟುಪಟ್ಟಿಯೇ. ಕ್ರಿಸ್‌ಮಸ್‌ಗೆ ಮೊದಲೇ ಗ್ಯಾರೇಜಿನ ಮೇಲಿನ ಒಂದು ತುಂಡು ಕಳಚಿ ನೇತಾಡತೊಡಗಿತು. ನೇತಾಡುತ್ತಲೇ ಉರಿಯುತ್ತಿತ್ತು. ಈ ಚಳಿಯಲ್ಲಿ ಅಂಟು ಹಿಡಿಯುವುದಿಲ್ಲ, ಹಿಮ ಕರಗಲಿ, ಆಮೇಲೆ ಬರುತ್ತೇವೆ ಎಂದರಂತೆ ಹಾಕಿದವರು.

ಇನ್ನೊಂದು ವಿಷಯವೂ ಗೊತ್ತಾಯಿತು. ಹಳೆಯ ಕಾಲದ ಬಲ್ಬುಗಳ ಮೇಲೆ ಹಿಮ ಬಿದ್ದರೆ ಬಲ್ಬಿನ ಬಿಸಿಗೇ ಕರಗಿ ಹೋಗುತ್ತಿತ್ತಂತೆ. ಎಲ್‌ಇಡಿಯ ಮೇಲೆ ಬಿದ್ದದ್ದು ಬಿದ್ದ ಹಾಗೇ ಇರುತ್ತದೆ. ಕರಗಿಸುವಷ್ಟು ಬಿಸಿ ಅದರಲ್ಲಿಲ್ಲ. ಕಾಣಿಸುತ್ತದೆ, ಕಾಯಿಸುವುದಿಲ್ಲ. ಅದನ್ನು ಓದಿದ ದಿನ ಯಾಕೋ ಹಮೀದ್ ಭಾಯ್‌ಗೆ ಹೇಳುವ ಮನಸ್ಸಾಗಲಿಲ್ಲ.

ಹಾಗಿರುವಾಗ ಒಂದು ಗುರುವಾರ ಲೀನಾಳ 'ಮುಟ್ಟಿದೆ' ಬರಲಿಲ್ಲ.

ಆ್ಯಪ್‌ನಲ್ಲಿ ಮನೆ ಹಳದಿಯಾಗಿದೆ. ಎಲ್ಲ ಸರಿಯಾಗಿದೆ ಎನ್ನುತ್ತಿದೆ. ಆಜಾನ್ ಮುಗಿಯಿತು, ಫೋಟೋ ಇಲ್ಲ. ಐದೂವರೆಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ. ಆಸ್ಪತ್ರೆಗೆ ಮಾಡಿದೆ. ಡ್ಯೂಟಿ ಮುಗಿಸಿ ಹೋದರಲ್ಲ ಎಂದರು. ನೆಲವೆಲ್ಲ ಗಾಜಿನಂತೆ ಜಾರುತ್ತದೆ ಎಂದು ಹಿಂದಿನ ದಿನ ತಾನೇ ಹೇಳಿದ್ದಳು. ಆ ಚಳಿಯಲ್ಲಿ ಮೆಟ್ಟಿಲ ಬಳಿ ಬಿದ್ದು, ಕಾಲು ಎತ್ತಲಾಗದೆ ಇದ್ದರೆ? ತಲೆಯ ಮೇಲೆ ನಾನು ಹಾಕಿದ ಲೈಟು ಚೆಂದಕ್ಕೆ ಉರಿಯುತ್ತಿದ್ದರೆ?

ಮನೆಯಲ್ಲಿ ಯಾರೋ ಇದ್ದಾರೆ ಎಂದು ಆ ಲೈಟು ಅವಳಿಗೆ ಹೇಳುತ್ತಿತ್ತು. ಅವಳು ಬಂದಳು ಎಂದು ನನಗೆ ಹೇಳುವ ಶಕ್ತಿ ಅದಕ್ಕಿರಲಿಲ್ಲ. ಇಷ್ಟು ದಿನ ಇದು ನನಗೆ ಹೊಳೆದೇ ಇರಲಿಲ್ಲ.

ಪಕ್ಕದ ಮನೆಯ ಅಜ್ಜನ ನಂಬರ್ ನನ್ನಲ್ಲಿಲ್ಲ. ಹೆಸರೂ ಗೊತ್ತಿಲ್ಲ. ನನ್ನ ಕೈಯಲ್ಲಿದ್ದದ್ದು ಒಂದು ಸ್ವಿಚ್ ಮಾತ್ರ. ಆಫ್ ಮಾಡಿದೆ. ಆನ್ ಮಾಡಿದೆ. ಆಫ್. ಆನ್. ಕೆಂಪು ಹಾಕಿದೆ. ಮತ್ತೆ ಆಫ್, ಮತ್ತೆ ಕೆಂಪು. ಉಮ್ ಅಲ್ ಹಸ್ಸಮ್‌ನ ಬಾಲ್ಕನಿಯಲ್ಲಿ ನಿಂತು, ಕಣ್ಣಲ್ಲಿ ನೀರಿಳಿಸಿಕೊಂಡು, ಹುಚ್ಚಿಯ ಹಾಗೆ ಕೆನಡಾದ ಒಂದು ಮನೆಯನ್ನು ಮಿಟುಕಿಸುತ್ತಿದ್ದೆ. ಕೆಳಗೆ ಕೋಲ್ಡ್ ಸ್ಟೋರಿನ ಮುಂದೆ (ನಮ್ಮಲ್ಲಿ ಗಲ್ಲಿಯ ಕಿರಾಣಿ ಅಂಗಡಿಗೆ ಹಾಗೆ ಹೇಳುತ್ತಾರೆ) ಜನ ಖುಬ್ಬೂಸ್ ರೊಟ್ಟಿ ಕೊಂಡು ಮನೆಗೆ ಹೋಗುತ್ತಿದ್ದರು. ಅವರಲ್ಲಿ ಒಬ್ಬರನ್ನೂ ಕೂಗಿ ಹೇಳುವಂತಿರಲಿಲ್ಲ. ಏನೆಂದು ಹೇಳುವುದು?

ಕೊನೆಗೆ ಫೋನ್ ಬಂತು. ಗೊತ್ತಿಲ್ಲದ ನಂಬರ್. ಲೀನಾಳ ದನಿ.

"ನಿನಗೆ ಮಂಡೆ ಸಮ ಉಂಟಾ ಶಶಿ?"

ಚಳಿಗೆ ಅವಳ ಫೋನಿನ ಬ್ಯಾಟರಿ ದಾರಿಯಲ್ಲೇ ಸತ್ತಿತ್ತು. (ಎಲ್‌ಇಡಿಗೆ ಒಗ್ಗುವ ಚಳಿ ಬ್ಯಾಟರಿಗೆ ಒಗ್ಗುವುದಿಲ್ಲ. ಅದನ್ನೂ ಬರೆದಿಟ್ಟುಕೊಳ್ಳಿ.) ಸುಸ್ತಾಗಿ, ಕೋಟಿನ ಜೇಬಿನಲ್ಲಿದ್ದ ಫೋನನ್ನು ಚಾರ್ಜಿಗೂ ಹಾಕದೆ ಮೂರು ಹೊದಿಕೆ ಹೊದ್ದು ಮಲಗಿದ್ದಳು. ಮನೆ ಕೆಂಪಗೆ ಮಿಟುಕುವುದನ್ನು ಕಂಡು ಪಕ್ಕದ ಮನೆಯ ಅಜ್ಜ ಬೂಟು ಹಾಕಿಕೊಂಡು, ಹಿಮ ತುಳಿದು ಬಂದು ಬಾಗಿಲು ಬಡಿದಿದ್ದರು. ಈ ಫೋನೂ ಅವರದ್ದೇ.

"ಪಾಪ, ಅಷ್ಟು ಪ್ರಾಯ ಆದ ಮನುಷ್ಯ ನಡುಗ್ತಾ ನಿಂತಿದ್ದಾರೆ ನನ್ನ ಹಾಲ್‌ನಲ್ಲಿ. ಬೆಂಕಿ ಬಿದ್ದಿದೆ ಅಂತ ಗ್ರಹಿಸಿದ್ರಂತೆ. ಎಂತ ಹೇಳುದು ನಾನು ಅವರಿಗೆ?"

"ಬಹ್ರೇನಿನಿಂದ ಬೆಲ್ ಒತ್ತಿದ್ದು ಅಂತ ಹೇಳು," ಎಂದೆ.

ಅವಳು ಬೈಯಲಿಲ್ಲ. ಅಜ್ಜನಿಗೆ ಕುರ್ಚಿ ಎಳೆದುಕೊಟ್ಟ ಸದ್ದು ಕೇಳಿಸಿತು. ಆಮೇಲೆ, "ಹೀಗೆ ಆಗುದಿಲ್ಲ ಶಶಿ. ನಾನು ಬಿದ್ರೆ ಎತ್ತುವವರು ಒಬ್ರು ಮನೆಯಲ್ಲಿ ಬೇಕು," ಎಂದಳು. ಹೌದು ಎಂದೆ. ಮನಸ್ಸಿನಿಂದಲೇ ಎಂದೆ.

ಮುಂದಿನ ತಿಂಗಳು ಆ ಮನೆಯಲ್ಲೇ ಇರಲು ಗ್ರೇಸ್ ಬಂದಳು. ಲೀನಾಳ ಆಸ್ಪತ್ರೆಯವಳೇ, ಫಿಲಿಪಿನೋ ನರ್ಸ್. ಅವಳಿಗೆ ಸಂಜೆಯ ಡ್ಯೂಟಿ, ಹಾಗಾಗಿ ಬೆಳಗ್ಗೆ ಮನೆಯಲ್ಲೇ. ಲೀನಾಳಿಗೆ ಬಿಸಿಬಿಸಿ ಗಂಜಿ ಮಾಡಿಡುತ್ತಾಳಂತೆ, ಶುಂಠಿ ಹಾಕಿ. ಒಳ್ಳೆಯ ಹುಡುಗಿ. ವಿಡಿಯೋ ಕಾಲ್‌ನಲ್ಲಿ ನನ್ನನ್ನು 'ಆಂಟಿ' ಎಂದು ಕರೆದಳು. (ಆದರೂ ಒಳ್ಳೆಯ ಹುಡುಗಿ.)

ಒಂದು ಸಂಜೆ ಮಗ್ರಿಬ್ ಆಯಿತು. ಫೋನ್ ನೋಡಿದೆ. ಮನೆಯ ಚಿತ್ರ ಬೂದು ಬಣ್ಣದಲ್ಲೇ ಇದೆ. ಕಾದೆ. ಹಳದಿಯಾಗಲಿಲ್ಲ. ಕೆಟ್ಟೇ ಹೋಯಿತೇನೋ, ಡಬ್ಬಿಯೊಳಗೆ ನೀರು ಸೇರಿತೇನೋ ಎಂದು ಗಾಬರಿಯಿಂದ ಫೋನ್ ಮಾಡಿದೆ.

"ಅಯ್ಯೋ, ನಿನಗೆ ಹೇಳ್ಲಿಕ್ಕೆ ಮರ್ತೇ ಹೋಯ್ತು!" ಎಂದಳು ಲೀನಾ. "ಗ್ರೇಸ್ ಎಲ್ಲ ಸರಿ ಮಾಡಿದ್ಳು. ಲೊಕೇಶನ್ ತಪ್ಪಿತ್ತಲ್ಲ? ಈಗ ಎಲ್ಲರ ಮನೆ ಹಾಗೆ ಸಂಜೆ ಹತ್ತುದು. ಬೆಳಿಗ್ಗೆ ನಾನು ಬರುವಾಗ ಅಡುಗೆಮನೆಯಲ್ಲೇ ಲೈಟ್ ಇರ್ತದೆ, ಹೊರಗಿನದ್ದು ಯಾಕೆ? ನಿನ್ನ ಲಾಗಿನ್ ತೆಗೀಲಿಲ್ಲ ಆಯ್ತಾ, ಅದು ಇರ್ಲಿ."

ಹಿಂದೆ ಪಾತ್ರೆಯ ಸದ್ದು, ಯಾರೋ ನಗುವ ಸದ್ದು ಕೇಳುತ್ತಿತ್ತು. ಬಹಳ ಒಳ್ಳೆಯದಾಯಿತು ಎಂದೆ. ಫೋನಿಟ್ಟ ಮೇಲೆ ಬೇಸರವಾಯಿತು. ಹೊಟ್ಟೆಕಿಚ್ಚೂ ಆಯಿತು. ಅವಳು ಒಂಟಿಯಾಗಿರಲಿ ಎಂದು ನಾನು ಯಾವತ್ತೂ ಬಯಸಿದವಳಲ್ಲ. ಆದರೆ ಅವಳ ಒಂಟಿತನದಲ್ಲಿ ನನಗೊಂದು ಕೆಲಸವಿತ್ತು. ಅದು ಹೋಯಿತು. ದೂರ ಇರುವವರ ಜೊತೆಗಿನ ಸ್ನೇಹದಲ್ಲಿ ಪ್ರೀತಿ ಸವೆಯುವುದಕ್ಕಿಂತ ಮೊದಲು ಹೀಗೆ ಕೆಲಸಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ನಿಮಗೂ ಹಾಗೆ ಅನ್ನಿಸಿದೆಯೇ? ಅವರ ಪಾಸ್‌ವರ್ಡ್ ಇನ್ನೂ ನೆನಪಿರುತ್ತದೆ, ಕೇಳುವವರಿರುವುದಿಲ್ಲ.

ಸಂಜೆಗಳು ಉದ್ದವಾದವು. ಆಫೀಸಿನಿಂದ ಬಂದು ಕಾರು ನಿಲ್ಲಿಸುವಾಗ ನಾನು ತಲೆಯೆತ್ತುವುದನ್ನೇ ಬಿಟ್ಟಿದ್ದೆ. ಕತ್ತಲೆ ಎಂದು ಗೊತ್ತಿರುವ ಬಾಲ್ಕನಿಯನ್ನು ನೋಡುವುದೇನು?

ಹಮೀದ್ ಭಾಯ್‌ಗೆ ನನ್ನ ಮುಖ ನೋಡಿ ಏನನ್ನಿಸಿತೋ. "ಕೆನಡಾದ ಲೈಟ್ ಹೇಗುಂಟಕ್ಕಾ?" ಎಂದರು. ಬಹಳ ಚೆನ್ನಾಗಿದೆ, ಚಳಿಗೆ ಏನೂ ಆಗಲಿಲ್ಲ ಎಂದೆ. "ಹಾಗಾದ್ರೆ ಇಲ್ಲಿಗೂ ಒಂದು ತಕೊಳ್ಳಿ," ಎಂದು ಕತ್ತಲಾದ ಕೂಡಲೇ ತಾನಾಗಿ ಹತ್ತುವ ಒಂದು ಎಲ್‌ಇಡಿ ಬಲ್ಬ್ ಕೊಟ್ಟರು. "ಆ್ಯಪ್ ಬೇಡ, ಸ್ವಿಚ್ ಬೇಡ. ಮನೆಯಲ್ಲಿ ಜನ ಇದ್ದ ಹಾಗೆ ಕಾಣ್ತದೆ. ಒಬ್ರೇ ಇರುವವರಿಗೆ ಒಳ್ಳೇದು."

ಕಟ್ಟಡದ ವಾಚ್‌ಮನ್ ನಿನ್ನೆ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಮೊದಲು ಬಂದು ಬಾಲ್ಕನಿಯಲ್ಲಿ ಅದನ್ನು ಹಾಕಿಕೊಟ್ಟ. ಆಗ ಬಿಸಿಲಿತ್ತು, ಹತ್ತಲಿಲ್ಲ. ನಾನು ಅದನ್ನು ಮರೆತೂ ಬಿಟ್ಟೆ.

ಆಫೀಸಿನಲ್ಲಿ ತಡವಾಯಿತು. ಬಾಸ್‌ನ ಟಿಕೆಟ್ಟು, ಬಾಸ್‌ನ ಸಿಟ್ಟು. ಉಮ್ ಅಲ್ ಹಸ್ಸಮ್ ಸೇರುವಾಗ ಕತ್ತಲಾಗಿತ್ತು. ಪಾರ್ಕಿಂಗ್ ಸಿಕ್ಕಿದ್ದು ಎದುರು ಬದಿಯಲ್ಲಿ. ರಸ್ತೆ ದಾಟಲು ನಿಂತಾಗ ಸುಮ್ಮನೆ ಕಣ್ಣು ಮೇಲೆ ಹೋಯಿತು.

ಮೂರನೇ ಮಹಡಿಯಲ್ಲಿ ಲೈಟ್ ಇತ್ತು.

ನನ್ನ ಕಾಲು ನನ್ನನ್ನು ಕೇಳಲಿಲ್ಲ. ಲಿಫ್ಟ್‌ಗೂ ಕಾಯದೆ ಮೆಟ್ಟಿಲು ಹತ್ತಿದೆ. ಬಾಗಿಲ ಮುಂದೆ ನಿಂತು ಉಸಿರು ಬಿಟ್ಟೆ. ಬ್ಯಾಗಿನೊಳಗೆ ಕೀ ಇತ್ತು. ಕೈ ಹಾಕಲೇ ಇಲ್ಲ. ಬೆಲ್ ಒತ್ತಿದೆ.

ಎಷ್ಟು ಹೊತ್ತು ನಿಂತಿದ್ದೆ ಎಂದು ಮಾತ್ರ ಕೇಳಬೇಡಿ.